ಬೆಕ್ಕಿನ ಬಾಯಲ್ಲಿ ಹಕ್ಕಿ: ಹಕ್ಕಿ, ಬೆಕ್ಕು, ಮನೆಮಂದಿ ಮೂವರನ್ನೂ ಸಂಭಾಳಿಸುವ ಮಾರ್ಗದರ್ಶಿ

ಧಾರವಾಡದ ಹಳೆಯ ಬಡಾವಣೆಗಳಲ್ಲಿ ಮನೆಗೊಂದು ಹಿತ್ತಲು, ಹಿತ್ತಲಿಗೊಂದು ಪೇರಲ ಗಿಡ, ಗಿಡದ ತುಂಬ ಪಿಕಳಾರ, ಕೆಳಗೆ ಕಟ್ಟೆಯ ಮೇಲೊಂದು ಬೆಕ್ಕು. ಮಾಳಮಡ್ಡಿಯಾದರೂ ಇದೇ, ಸಾಧನಕೇರಿಯಾದರೂ ಇದೇ, ಹುಬ್ಬಳ್ಳಿಯ ಉಣಕಲ್ ಕಡೆ ಹೋದರೂ ಇದೇ. ಹೀಗಾಗಿ ಒಂದಲ್ಲ ಒಂದು ಮುಂಜಾನೆ ಬೆಕ್ಕು ಹಕ್ಕಿಯನ್ನು ಕಚ್ಚಿಕೊಂಡು ಪಡಸಾಲೆಗೆ ಬರುತ್ತದೆ. ಮಗು ಚೀರುತ್ತದೆ, ಅಜ್ಜಿ ಕಸಬರಿಗೆ ಎತ್ತುತ್ತಾಳೆ, ಬೆಕ್ಕು ಸೋಫಾದ ಅಡಿ ಸೇರುತ್ತದೆ, ಹಕ್ಕಿ ಅಲ್ಲೇ ರೆಕ್ಕೆ ಬಡಿಯುತ್ತಿರುತ್ತದೆ. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ" ಅನ್ನುತ್ತಾರೆ. ನಿಂತು ನೋಡುವವರ ಸಂಕಟದ ಬಗ್ಗೆ ಗಾದೆ ಏನೂ ಹೇಳುವುದಿಲ್ಲ.

ಆ ಗಳಿಗೆಯಲ್ಲಿ ಸಿಟ್ಟು ಕೈಗಿಂತ ಮುಂದೆ ಓಡುತ್ತದೆ. ಬೆಕ್ಕಿಗೆ ಎರಡು ಬಿಗಿಯುವುದರಲ್ಲಿ, ಮನೆಯವರ ಮೇಲೆ ಹರಿಹಾಯುವುದರಲ್ಲಿ ಹಕ್ಕಿ ಬದುಕುವ ಹೊತ್ತು ಕಳೆದುಹೋಗುತ್ತದೆ. ಆದ್ದರಿಂದ ಮೊದಲು ಹಕ್ಕಿ, ಆಮೇಲೆ ಬೆಕ್ಕು, ಕೊನೆಗೆ ನಮ್ಮ ಮನಸ್ಸು. ಕೊನೆಗೆ ಅಂದಮಾತ್ರಕ್ಕೆ ಮನಸ್ಸನ್ನು ಬಿಟ್ಟುಬಿಡಿ ಅಂತಲ್ಲ. ಅದಕ್ಕೂ ಅದರದೇ ಪಾಳಿ ಇದೆ.

ಮೊದಲ ಎರಡು ನಿಮಿಷ

ಚೀರಬೇಡಿ, ಓಡಬೇಡಿ. ಬೆನ್ನಟ್ಟಿದರೆ ಬೆಕ್ಕು ಹಲ್ಲು ಇನ್ನಷ್ಟು ಬಿಗಿ ಮಾಡಿ ಮಂಚದ ಕೆಳಗೆ ನುಗ್ಗುತ್ತದೆ. ನಿಂತಲ್ಲೇ ಒಮ್ಮೆ ಉಸಿರು ಎಳೆದು, ಎಳೆದುದಕ್ಕಿಂತ ಉದ್ದವಾಗಿ ಹೊರಗೆ ಬಿಡಿ. ಹೀಗೆ ಎರಡು ಮೂರು ಸಲ. ಉಸಿರನ್ನು ನಿಧಾನವಾಗಿ ಬಿಡುವಾಗ ಎದೆಬಡಿತ ಇಳಿಯುತ್ತದೆ, ಕೈ ನಡುಕ ಕಡಿಮೆಯಾಗುತ್ತದೆ. ಹಕ್ಕಿಯನ್ನು ಎತ್ತಲು ನಡುಗದ ಕೈಯೇ ಬೇಕು.

ಇನ್ನೊಬ್ಬರು ಕಿಟಕಿ, ಬಾಗಿಲು ಮುಚ್ಚಲಿ, ಫ್ಯಾನ್ ಆರಿಸಲಿ. ಬೆಕ್ಕಿನ ಬಾಯಿಂದ ತಪ್ಪಿಸಿಕೊಂಡ ಹಕ್ಕಿ ತಿರುಗುವ ಫ್ಯಾನಿಗೆ ಸಿಕ್ಕು ಸಾಯುವುದುಂಟು.

ಬೆಕ್ಕು ಇನ್ನೂ ಕಚ್ಚಿಕೊಂಡೇ ಇದ್ದರೆ ಹಕ್ಕಿಯನ್ನು ಹಿಡಿದು ಎಳೆಯಬೇಡಿ. ಎಳೆದರೆ ಹಲ್ಲು ನಾಟಿದಲ್ಲಿ ಚರ್ಮ ಸೀಳುತ್ತದೆ. ಊಟದ ಬಟ್ಟಲನ್ನು ದಿನಾ ಬಡಿಯುವ ಹಾಗೆಯೇ ಬಡಿದು ನೋಡಿ, ಕೆಲವು ಬೆಕ್ಕು ಅದಕ್ಕೇ ಬಾಯಿ ಬಿಡುತ್ತವೆ. ಇಲ್ಲವಾದರೆ ದೊಡ್ಡ ಟವೆಲ್ಲನ್ನು ಬೆಕ್ಕಿನ ಮೇಲೆ ಹೊದಿಸಿ, ಅಲುಗಾಡದಂತೆ ಮೆಲ್ಲಗೆ ಒತ್ತಿ ಹಿಡಿಯಿರಿ. ಕತ್ತಲಾದಾಗ ಬಹಳಷ್ಟು ಬೆಕ್ಕುಗಳ ಹಿಡಿತ ಸಡಿಲಾಗುತ್ತದೆ. ಬಿಟ್ಟ ಕೂಡಲೇ ಬೆಕ್ಕನ್ನು ಟವೆಲ್ ಸಮೇತ ಬೇರೆ ಕೋಣೆಗೆ ಹಾಕಿ ಚಿಲಕ ಹಾಕಿ. ಬೈಯಬೇಡಿ, ಹೊಡೆಯಬೇಡಿ. ಮಾಡಿದ್ದಕ್ಕೂ ಪೆಟ್ಟಿಗೂ ಇರುವ ಸಂಬಂಧ ಅದಕ್ಕೆ ತಿಳಿಯುವುದಿಲ್ಲ. ಮುಂದಿನ ಸಲ ಹಕ್ಕಿಯನ್ನು ನಿಮ್ಮ ಕಣ್ಣಿಗೆ ಬೀಳದ ಕಡೆ ಒಯ್ಯುವುದನ್ನಷ್ಟೇ ಅದು ಕಲಿಯುತ್ತದೆ.

ಗಡಿಬಿಡಿಯಲ್ಲಿ ನಿಮ್ಮನ್ನು ಬೆಕ್ಕು ಕಚ್ಚಿದರೆ, ಪರಚಿದರೆ ಹರಿಯುವ ನೀರಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬೀಸ್ ನಾಯಿಯಿಂದಷ್ಟೇ ಬರುವುದಲ್ಲ. ಅರಿಶಿನ, ಸುಣ್ಣ ಯಾವುದೂ ಅದಕ್ಕೆ ಮದ್ದಲ್ಲ.

ಹಕ್ಕಿಗೆ ರಟ್ಟಿನ ಡಬ್ಬಿ

ಬೂಟಿನ ಡಬ್ಬಿ ಎಲ್ಲರ ಮನೆಯಲ್ಲೂ ಇರುತ್ತದೆ. ಮುಚ್ಚಳಕ್ಕೆ ಹತ್ತಾರು ತೂತು ಮಾಡಿ, ತಳಕ್ಕೆ ಹಳೆಯ ಪಂಚೆಯ ತುಂಡು ಹಾಸಿ. ದಾರ ಕಿತ್ತುಬರುವ ಬಟ್ಟೆ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಹಕ್ಕಿಯ ಮೇಲೆ ತೆಳು ಬಟ್ಟೆ ಹಾಕಿ, ಎರಡೂ ಕೈಯಿಂದ ಬೊಗಸೆ ಮಾಡಿ ಎತ್ತಿ. ಎದೆಯನ್ನು ಮಾತ್ರ ಹಿಚುಕಬಾರದು. ಹಕ್ಕಿಗೆ ನಮ್ಮ ಹಾಗೆ ಎದೆಗೂ ಹೊಟ್ಟೆಗೂ ನಡುವೆ ಉಸಿರಾಟದ ಸ್ನಾಯು (ವಪೆ) ಇಲ್ಲ. ಎದೆಯ ಮೂಳೆ ಮುಂದೆ ಹಿಂದೆ ಆಡಿದರೆ ಮಾತ್ರ ಅದಕ್ಕೆ ಉಸಿರು. ಅಕ್ಕರೆಯಿಂದ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರೂ ಅದು ಉಸಿರುಗಟ್ಟಿ ಸಾಯಬಹುದು.

ಡಬ್ಬಿಯನ್ನು ಮುಚ್ಚಿ ಬೆಚ್ಚಗಿನ, ಸದ್ದಿಲ್ಲದ ಮೂಲೆಯಲ್ಲಿಡಿ. ಮಳೆಗಾಲದ ಧಾರವಾಡದ ಥಂಡಿಯಿದ್ದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಡಬ್ಬಿಯ ಅರ್ಧ ಭಾಗದ ಕೆಳಗೆ ಇಡಿ. ಸೆಕೆಯಾದರೆ ಹಕ್ಕಿಗೆ ಸರಿಯಲು ಇನ್ನರ್ಧ ಇರಬೇಕು. ಏಪ್ರಿಲ್ ಬಿಸಿಲಿನ ಗದಗಿನಲ್ಲಿ ಬಾಟಲಿಯ ಮಾತೇ ಬೇಡ.

ಇಲ್ಲಿ ನಮ್ಮ ಮನೆಗಳ ಕರುಣೆಯೇ ಹಕ್ಕಿಗೆ ಮುಳುವಾಗುತ್ತದೆ. "ಪಾಪ, ಬಾಯಿ ಒಣಗೇತಿ" ಎಂದು ಚಮಚದಲ್ಲಿ ನೀರು ಹಾಕುತ್ತಾರೆ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ತೆರೆದುಕೊಳ್ಳುವುದರಿಂದ ಹಾಕಿದ ನೀರು ಸೀದಾ ಒಳಗಿಳಿಯಬಹುದು. ನೀರು, ಹಾಲು, ಅನ್ನದ ಅಗುಳು ಏನೂ ಬೇಡ. ಗಾಯಕ್ಕೆ ಅರಿಶಿನ ಮೆತ್ತಬೇಡಿ, ಎಣ್ಣೆ ಹಚ್ಚಬೇಡಿ. ಎಣ್ಣೆ ಹತ್ತಿದ ಗರಿ ಮೈಯನ್ನು ಬೆಚ್ಚಗಿಡುವುದಿಲ್ಲ. ರಕ್ತ ಬರುತ್ತಿದ್ದರೆ ಸ್ವಚ್ಛ ಬಟ್ಟೆಯನ್ನು ಹಗುರಾಗಿ ಒತ್ತಿ ಹಿಡಿದರೆ ಸಾಕು. ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಇಣುಕುವ ಮಕ್ಕಳನ್ನು ಬೇರೆ ಕೆಲಸಕ್ಕೆ ಹಚ್ಚಿ. ದೊಡ್ಡವರಿಗೂ ಇದೇ ಮಾತು.

ಗರಿ ಉಬ್ಬಿಸಿ, ಕಣ್ಣು ಅರೆಮುಚ್ಚಿ ಕೂತ ಹಕ್ಕಿ ಸಮಾಧಾನವಾಗಿದೆ ಅಂದುಕೊಳ್ಳಬೇಡಿ, ಅದು ಆಘಾತದ ಲಕ್ಷಣ. "ಗಾಯ ಏನೂ ಇಲ್ಲ, ಹಾರಿಸಿಬಿಡೋಣ" ಎಂಬ ಆತುರವೂ ಬೇಡ. ಬೆಕ್ಕಿನ ಹಲ್ಲು ಸೂಜಿಯಷ್ಟು ಸಪೂರ, ಗರಿಯ ಕೆಳಗಿನ ತೂತು ಕಣ್ಣಿಗೆ ಕಾಣುವುದಿಲ್ಲ. ಬೆಕ್ಕಿನ ಬಾಯಲ್ಲಿರುವ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಆ ತೂತಿನಿಂದ ರಕ್ತಕ್ಕೆ ಇಳಿದರೆ, ಔಷಧ ಸಿಗದ ಹಕ್ಕಿ ಒಂದೆರಡು ದಿನದಲ್ಲೇ ಸಾಯಬಹುದು. ಮುಂಜಾನೆ ಹಾರಿಹೋದ ಹಕ್ಕಿ ಮರುದಿನ ಯಾರದೋ ಹಿತ್ತಲಲ್ಲಿ ಬಿದ್ದಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಬೆಕ್ಕು ಬಾಯಿ ಹಾಕಿದ್ದು ಖಚಿತವಾದರೆ ವೈದ್ಯರ ಬಳಿ ಒಯ್ಯಲೇಬೇಕು. ಮನೆಯಲ್ಲಿ ಉಳಿದ ನಮ್ಮ ಮಾತ್ರೆಯನ್ನು ಪುಡಿ ಮಾಡಿ ಹಾಕುವ ಸಾಹಸ ಬೇಡ. ಗುಬ್ಬಿಯ ತೂಕ 25ರಿಂದ 30 ಗ್ರಾಂ, ಅದಕ್ಕೆ ಎಷ್ಟು ಕೊಡಬೇಕೆಂಬುದು ವೈದ್ಯರ ಲೆಕ್ಕ.

ಸರ್ಕಾರಿ ಪಶು ಆಸ್ಪತ್ರೆ ಎಲ್ಲ ತಾಲ್ಲೂಕು ಕೇಂದ್ರಗಳಲ್ಲೂ ಇದೆ, ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ದನಕ್ಕೆ ಔಷಧ ಕೊಡುವ ಡಾಕ್ಟರು ಹಕ್ಕಿಯನ್ನು ನೋಡುತ್ತಾರೋ ಇಲ್ಲವೋ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಜೊತೆಗೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೂ ತಿಳಿಸಿ. ವಾಸಿಯಾದ ಗಿಳಿಯನ್ನು "ಹೆಂಗೂ ರೂಢಿ ಆಗೇದ" ಎಂದು ಪಂಜರದಲ್ಲಿ ಇಟ್ಟುಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಗಿಳಿಯನ್ನು ಸಾಕುವುದು ಅಪರಾಧ.

ಬಿದ್ದ ಮರಿಯೋ, ಹಾರಲು ಕಲಿಯುವ ಮರಿಯೋ

ಬೇಸಿಗೆಯ ಕೊನೆಗೆ, ಮುಂಗಾರಿನ ಮೊದಲಿಗೆ ಗೊಂದಲ ಜಾಸ್ತಿ. ಮೈತುಂಬ ಗರಿ, ಮೊಂಡು ಬಾಲ, ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ಅದು ಗೂಡು ಬಿಟ್ಟು ಹಾರಲು ಕಲಿಯುತ್ತಿರುವ ಮರಿ. ಬೆಕ್ಕು ಮುಟ್ಟಿಲ್ಲವೆಂದರೆ ಅದನ್ನು ಮನೆಗೆ ತರಬಾರದು. ಹತ್ತಿರದ ಪೊದೆಯಲ್ಲಿ ಕೂರಿಸಿ, ಬೆಕ್ಕನ್ನು ಒಳಗೆ ಹಾಕಿ, ದೂರ ಸರಿಯಿರಿ. ತಾಯಿ ಹಕ್ಕಿ ಅಲ್ಲೇ ಎಲ್ಲೋ ಹುಳ ಹಿಡಿದು ಕಾಯುತ್ತಿರುತ್ತದೆ. ಗರಿಯೇ ಬಾರದ, ಕಣ್ಣು ಬಿಡದ ಮರಿಯಾದರೆ ಗೂಡು ಹುಡುಕಿ ಮರಳಿ ಇಡಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂದು ನಮಗೆಲ್ಲ ಸಣ್ಣವರಿದ್ದಾಗ ಹೇಳಿದ್ದು ಸುಳ್ಳು.

ಸತ್ತುಹೋದರೆ

ಹಲವು ಸಲ ಇದೇ ಆಗುವುದು. ಪ್ಲಾಸ್ಟಿಕ್ ಚೀಲವನ್ನು ಕೈಗೆ ಹಾಕಿಕೊಂಡು ಎತ್ತಿ, ಹಿತ್ತಲಲ್ಲಿ ನಾಯಿ ಕೆದರದಷ್ಟು ಆಳ, ಒಂದೂವರೆ ಎರಡು ಅಡಿ ತೋಡಿ, ಚೀಲದಿಂದ ಬಿಡಿಸಿ ಹೂಳಿ. ಕೈಯನ್ನು ಸಾಬೂನಿನಿಂದ ತೊಳೆಯಿರಿ. ಓಣಿಯಲ್ಲಿ ಒಟ್ಟಿಗೇ ಹಲವು ಕಾಗೆ, ಪಾರಿವಾಳ ಸತ್ತು ಬಿದ್ದಿದ್ದರೆ ಮಾತ್ರ ಮುಟ್ಟಲೇಬೇಡಿ, ಪಶುಪಾಲನಾ ಇಲಾಖೆಗೆ ತಿಳಿಸಿ. ಹಕ್ಕಿಜ್ವರ ಬೆಕ್ಕಿಗೂ ತಗಲುತ್ತದೆ.

ಈಗ ಮನಸ್ಸಿನ ಪಾಳಿ

ಕೈ ತೊಳೆದು ಚಹಾ ಇಟ್ಟ ಮೇಲೆ ಭಾವನೆಗಳು ಒಂದೊಂದಾಗಿ ಬರುತ್ತವೆ. ಒಟ್ಟಾರೆ "ಮೂಡ್ ಹಾಳಾತು" ಅನ್ನುವುದಕ್ಕಿಂತ ಅವನ್ನು ಬಿಡಿಸಿ ನೋಡುವುದು ಒಳ್ಳೆಯದು. ಯಾವುದು ಏನೆಂದು ಹೆಸರಿಟ್ಟು ಹೇಳಿದಾಗ ಅದರ ಕಾವು ಕೊಂಚ ಇಳಿಯುತ್ತದೆ.

ಸಿಟ್ಟು: "ಇಷ್ಟು ಹಾಲು ಹಾಕ್ತೀನಿ, ಆದರೂ ಕೊಂದಿತಲ್ಲ!" ಈ ಸಿಟ್ಟಿನ ಬುಡದಲ್ಲೊಂದು ತಪ್ಪು ತಿಳಿವಳಿಕೆ ಇದೆ. ಬೆಕ್ಕಿಗೆ ಬೇಟೆಯ ತುಡಿತವೇ ಬೇರೆ, ಹಸಿವೇ ಬೇರೆ. ಹೊಟ್ಟೆ ತುಂಬಿದ ಬೆಕ್ಕೂ ಚಲಿಸುವುದರ ಮೇಲೆ ಹಾರುತ್ತದೆ. ಅದು ನಿಮಗೆ ಮಾಡಿದ ದ್ರೋಹವಲ್ಲ.

ಹೇಸಿಗೆ: ತತ್ತಿಯೂ ಒಳಗೆ ಬಾರದ ಮನೆಗಳಲ್ಲಿ ಇದು ದೊಡ್ಡ ಸಂಗತಿ, ನಗಬೇಡಿ. ದೇವರ ಕೋಣೆಯ ಹೊಸ್ತಿಲಲ್ಲಿ ರಕ್ತ ಬಿದ್ದರೆ ಅಜ್ಜಿಗೆ ಆಗುವ ಸಂಕಟ ನಿಜವಾದದ್ದು. "ಅದರಾಗೇನೈತಿ ಬಿಡಬೇ" ಎಂದು ತಳ್ಳಿಹಾಕಿದರೆ ಸಂಕಟ ಸಿಟ್ಟಾಗಿ ತಿರುಗಿ ಬೆಕ್ಕಿನ ಮೇಲೆ ಬೀಳುತ್ತದೆ. ನೀವೇ ಬಕೆಟ್ ಹಿಡಿದು ನೆಲ ಒರೆಸಿಕೊಡಿ. ಮಾತಿಗಿಂತ ಅದು ಬೇಗ ಸಮಾಧಾನ ಮಾಡುತ್ತದೆ.

ತಪ್ಪಿತಸ್ಥ ಭಾವ: ಬಾಗಿಲು ತೆರೆದಿಟ್ಟವರಿಗೆ ಇದು ಹೆಚ್ಚು. ಇದರಲ್ಲಿ ಎರಡು ಭಾಗ ಮಾಡಿ. ನಾಳೆಯಿಂದ ಬದಲಿಸಬಹುದಾದದ್ದು ಒಂದು: ಬಾಗಿಲು, ಹೊತ್ತು, ಊಟ. ಬದಲಿಸಲಾಗದ್ದು ಇನ್ನೊಂದು: ಇವತ್ತಿನ ಹಕ್ಕಿ. ಮೊದಲನೆಯದನ್ನು ಚೀಟಿಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿ. ಎರಡನೆಯದಕ್ಕೆ ದುಃಖಿಸಿ, ಅದಕ್ಕೆ ಬೇರೆ ಮದ್ದಿಲ್ಲ. ರಾತ್ರಿ ಮಲಗಿದಾಗ ಅದೇ ದೃಶ್ಯ ತಿರುತಿರುಗಿ ಬಂದರೆ ಎದ್ದು ಕೂತು ಕೈಗೆ ಕೆಲಸ ಕೊಡಿ: ಅವರೆಕಾಳು ಸುಲಿಯಿರಿ, ಬಟ್ಟೆ ಮಡಚಿ. ಮಲಗಿಕೊಂಡೇ ಆ ನೆನಪಿನ ಜೊತೆ ಗುದ್ದಾಡಿದರೆ ಅದು ಬಲಿಯುತ್ತದೆ.

ಮಕ್ಕಳಿಗೆ ಸುಳ್ಳು ಹೇಳಬೇಡಿ. "ಹಕ್ಕಿ ಮಲಗೇತಿ" ಎಂದರೆ ನಾಲ್ಕು ವರ್ಷದ ಕೂಸು ರಾತ್ರಿ ತಾನು ಮಲಗಲು ಹೆದರಬಹುದು. ಸತ್ತಿದೆ ಎಂದೇ ಹೇಳಿ. ಕೇಳುವ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ:

"ಅಜ್ಜಿ, ನಮ್ಮ ಪುಟ್ಟಿ ಕೆಟ್ಟಾಕಿ ಅದಾಳೇನು?"

"ಕೆಟ್ಟಾಕಿ ಅಲ್ಲವ್ವಾ, ಬೆಕ್ಕಿನ ಬುದ್ಧಿನ ಹಂಗ. ಆದ್ರ ಹಕ್ಕಿಗೆ ಭಾಳ ನೋವಾತು, ಅದೂ ಖರೆ. ನಾಳಿಂದ ಮುಂಜಾನೆ ಪುಟ್ಟಿನ್ನ ಒಳಗ ಇಟ್ಕೊಳ್ಳೂಣು. ಬಾಗಲಾ ಹಾಕೂ ಕೆಲಸ ನಿಂದು, ಏನ?"

ಈ ಉತ್ತರದಲ್ಲಿ ಮುಖ್ಯವಾದದ್ದು ಕೊನೆಯ ಮಾತು. ಅಳುವ ಮಗುವಿಗೊಂದು ಕೆಲಸ ಸಿಕ್ಕಿತು. ಹೂಳುವಾಗ ದಾಸವಾಳ ಇಡುತ್ತೇನೆ ಎಂದರೆ ಇಡಲಿ.

ಬೆಕ್ಕಿನ ಮನಸ್ಸೂ ಕದಡಿರುತ್ತದೆ

ಕಿಟಕಿಯ ಗಾಜಿನಾಚೆ ಗುಬ್ಬಿ ಕಂಡಾಗ ಬೆಕ್ಕು ದವಡೆ ನಡುಗಿಸುತ್ತ ಕಟಕಟ ಸದ್ದು ಮಾಡುವುದನ್ನು ನೋಡಿರುತ್ತೀರಿ. ಕಣ್ಣಿಗೆ ಕಂಡದ್ದು ಕೈಗೆ ಸಿಗದ ಚಡಪಡಿಕೆ ಇರಬಹುದು ಅದು. ಬಾಲ ಜೋರಾಗಿ ಬಡಿಯುತ್ತಿದ್ದರೆ, ಕಿವಿ ಹಿಂದಕ್ಕೆ ಮಲಗಿದ್ದರೆ, ಕಣ್ಣಿನ ಪಾಪೆ ಹಿಗ್ಗಿದ್ದರೆ ಆಗ ಎತ್ತಿಕೊಳ್ಳಲು ಹೋಗಬೇಡಿ. ಹಕ್ಕಿಯ ಮೇಲಿನ ಆವೇಶ ನಿಮ್ಮ ಕೈಮೇಲೆ, ಇಲ್ಲವೇ ಮನೆಯ ಇನ್ನೊಂದು ಬೆಕ್ಕಿನ ಮೇಲೆ ತೀರುತ್ತದೆ. ಪರದೆ ಎಳೆದು ಅದರಷ್ಟಕ್ಕೆ ಬಿಡಿ. ತಾನಾಗಿ ಬಂದು ಕಾಲಿಗೆ ಮೈ ಉಜ್ಜಿದಾಗ ಮಾತಾಡಿಸಿದರಾಯಿತು.

ಹಕ್ಕಿಗಳೂ ಸುಮ್ಮನಿರುವುದಿಲ್ಲ. ಗೂಡು ಕಟ್ಟಿದ ಕಾಲದಲ್ಲಿ ಕಾಗೆ, ಹರಟೆಮಲ್ಲಗಳ ಹಿಂಡು ಬೆಕ್ಕನ್ನು ಮುತ್ತಿ ಅಟ್ಟಾಡಿಸುತ್ತದೆ. ಹಾಗೆ ಓಡಿಬಂದ ಬೆಕ್ಕಿನ ಕಣ್ಣು, ತಲೆ ನೋಡಿ. ಕಣ್ಣು ಮುಚ್ಚಿಕೊಂಡೇ ಇದ್ದರೆ ಅಂದೇ ವೈದ್ಯರಿಗೆ ತೋರಿಸಿ. ಹಕ್ಕಿಯನ್ನು ತಿಂದ ಮೇಲೆ ಜ್ವರ, ವಾಂತಿ, ಭೇದಿ ಕಂಡರೆ ರೋಗದ ಹಕ್ಕಿಯಿಂದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬಂದಿರಬಹುದು. ಆಗಲೂ ವೈದ್ಯರೇ ಗತಿ. ಪ್ಯಾರಸಿಟಮಾಲ್ ಮಾತ್ರ ಕೊಡಬೇಡಿ, ಬೆಕ್ಕಿಗೆ ಅದು ವಿಷ.

ಮತ್ತೆ ಆಗದಂತೆ: ಹೊತ್ತು, ಊಟ, ಆಟ

ಎಲ್ಲಕ್ಕಿಂತ ಚೆನ್ನಾಗಿ ಸಾಧಿಸುವ ಉಪಾಯ ಬಾಗಿಲು. ಹಕ್ಕಿಗಳು ನೆಲಕ್ಕಿಳಿದು ಮೇಯುವುದು ಬೆಳಗಿನ ಹೊತ್ತು, ಸಂಜೆಯ ಹೊತ್ತು. ಸಂಜೆ ಹೊತ್ತು ಮುಳುಗುವ ಮೊದಲು ಬೆಕ್ಕನ್ನು ಒಳಗೆ ಕರೆದು ಊಟ ಹಾಕಿ, ಮರುದಿನ ಎಂಟು ಒಂಬತ್ತರವರೆಗೆ ಬಿಡಬೇಡಿ. "ಇಲಿ ಕಾಟಕ್ಕಂತ ಸಾಕಿದ್ದು, ಒಳಗ ಕೂಡಿ ಹಾಕಿದ್ರ ಹೆಂಗ?" ಎಂದು ಹುಬ್ಬಳ್ಳಿಯ ಅಂಗಡಿಕಾರರು ಕೇಳಬಹುದು. ಇಲಿ ಓಡಾಡುವುದು ರಾತ್ರಿ, ಅದೂ ಅಂಗಡಿಯ ಒಳಗೇ. ಬೆಕ್ಕು ಒಳಗಿದ್ದರೆ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ. ಮೊದಲ ಕೆಲವು ದಿನ ಬಾಗಿಲ ಬಳಿ ಕೂತು ಕೂಗುತ್ತದೆ. ಒಮ್ಮೆ ಸೋತು ಬಾಗಿಲು ತೆಗೆದರೆ, ಕೂಗಿದರೆ ತೆಗೆಯುತ್ತಾರೆ ಎಂದು ಕಲಿತುಬಿಡುತ್ತದೆ. ಮಲಮೂತ್ರಕ್ಕೆ ಒಳಗೆ ಮಣ್ಣು ತುಂಬಿದ ತಟ್ಟೆ ಇಟ್ಟಿರಿ. ಸಂತಾನಹರಣ ಚಿಕಿತ್ಸೆ ಮಾಡಿಸಿದ ಬೆಕ್ಕು ದೂರ ಅಲೆಯುವುದೂ ಕಡಿಮೆ.

ಇನ್ನು ಊಟ. ಹಾಲು-ರೊಟ್ಟಿ, ಮೊಸರನ್ನದ ಮೇಲೆ ಬೆಕ್ಕು ಸಾಕುವುದು ನಮ್ಮ ಕಡೆಯ ರೂಢಿ. ಬೆಕ್ಕಿನ ದೇಹಕ್ಕೆ ಮಾಂಸ ಬೇಕೇ ಬೇಕು. ಮಾಂಸದಲ್ಲಿ ಸಿಗುವ ಟಾರಿನ್ ಎಂಬ ಪೋಷಕಾಂಶ ಇಲ್ಲದಿದ್ದರೆ ಕಣ್ಣಿನ ಅಕ್ಷಿಪಟಲ, ಹೃದಯ ಎರಡೂ ಕೆಡುತ್ತವೆ. ಬೆಳೆದ ಬಹಳಷ್ಟು ಬೆಕ್ಕುಗಳಿಗೆ ಹಾಲು ಜೀರ್ಣವಾಗುವುದೂ ಕಷ್ಟ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಂಸದ ಪ್ರೋಟೀನು ಹೆಚ್ಚಿರುವ, ಧಾನ್ಯವಿಲ್ಲದ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ತರುವ ಬೇಟೆ 36% ಇಳಿಯಿತು. ದಿನಕ್ಕೆ 5ರಿಂದ 10 ನಿಮಿಷ ಆಟವಾಡಿಸಿದರೆ 25% ಇಳಿಯಿತು. ಕೊರಳ ಗಂಟೆಯಿಂದ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಆಹಾರವನ್ನು ಆಟಿಕೆಯೊಳಗೆ ಬಚ್ಚಿಟ್ಟು ಹುಡುಕಿಸಿದಾಗ ಬೇಟೆ 33% ಏರಿತು! ಗಂಟೆ ಕಟ್ಟಿ ನಿಶ್ಚಿಂತರಾದವರು ಇದನ್ನು ಗಮನಿಸಬೇಕು.

ಶಾಕಾಹಾರಿ ಮನೆಯವರು ಅಡುಗೆಮನೆಯಲ್ಲಿ ಮಾಂಸ ಬೇಯಿಸಬೇಕಿಲ್ಲ. ಬೆಕ್ಕಿಗೆಂದೇ ಬರುವ ಒಣ ಆಹಾರದ ಪ್ಯಾಕೆಟ್ಟಿನಲ್ಲಿ ಟಾರಿನ್ ಸೇರಿಸಿರುತ್ತಾರೆ. ಬೇರೆ ಬಟ್ಟಲು, ಬೇರೆ ಮೂಲೆ, ಹಿತ್ತಲ ಕಟ್ಟೆಯ ಮೇಲೆ ಹಾಕಿದರಾಯಿತು. ಅದನ್ನೂ ಒಲ್ಲೆ ಎನ್ನುವ ಮನೆಯಲ್ಲಿ ಬೆಕ್ಕು ಸಾಕುವುದೇ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಆಟಕ್ಕೆ ಕಸಬರಿಗೆಯ ಕಡ್ಡಿ, ದಾರ, ತುದಿಗೆ ಬಟ್ಟೆಯ ಚಿಂದಿ ಸಾಕು. ನೆಲದ ಮೇಲೆ ಹರಿದಾಡಿಸಿ, ಆಗಾಗ ನಿಲ್ಲಿಸಿ, ಕೊನೆಗೆ ಒಮ್ಮೆ ಹಿಡಿಯಲು ಬಿಟ್ಟು, ಹಿಡಿದ ಕೂಡಲೇ ಊಟ ಹಾಕಿ. ಲೇಸರ್ ಬೆಳಕಿನ ಆಟದಲ್ಲಿ ಹಿಡಿಯಲು ಏನೂ ಸಿಗದು, ಚಡಪಡಿಕೆ ಹೆಚ್ಚಾಗುತ್ತದೆ. ಆಡಿ ಮುಗಿದ ಮೇಲೆ ದಾರವನ್ನು ಎತ್ತಿಡಿ, ನುಂಗಿದರೆ ಕರುಳಿಗೆ ಸುತ್ತಿಕೊಳ್ಳುತ್ತದೆ.

ಅದೇ ಅಧ್ಯಯನದಲ್ಲಿ ಗಾಢ ಬಣ್ಣದ ಬಟ್ಟೆಯ ಕೊರಳಪಟ್ಟಿ ಹಾಕಿದ ಬೆಕ್ಕುಗಳು ತಂದ ಹಕ್ಕಿಗಳು 42% ಕಡಿಮೆ. ಹಕ್ಕಿಗಳ ಕಣ್ಣಿಗೆ ಬಣ್ಣ ಚೆನ್ನಾಗಿ ಕಾಣುವುದರಿಂದ ದೂರದಿಂದಲೇ ಎಚ್ಚರವಾಗುತ್ತವೆ. ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡಿನಿಂದ ಮನೆಯಲ್ಲೇ ಹೊಲಿಯಬಹುದು. ಆದರೆ ಎಳೆದರೆ ತಾನೇ ಬಿಚ್ಚಿಕೊಳ್ಳುವ ಕ್ಲಿಪ್ಪಿನ ಪಟ್ಟಿಗೇ ಅದನ್ನು ಸುತ್ತಬೇಕು. ಗಂಟು ಹಾಕಿದ ಪಟ್ಟಿ ಟೊಂಗೆಗೆ ಸಿಕ್ಕರೆ ಬೆಕ್ಕಿಗೆ ಉರುಳಾಗುತ್ತದೆ.

ಹಿತ್ತಲಲ್ಲೂ ಸ್ವಲ್ಪ ಬದಲಾವಣೆ ಮಾಡಿ. ಬೇಸಿಗೆಯಲ್ಲಿ ಹಕ್ಕಿಗೆಂದು ಇಡುವ ನೀರಿನ ಪರಿಯಾಣ ನೆಲದ ಮೇಲೆ, ಪೊದೆಯ ಪಕ್ಕ ಇದ್ದರೆ ಅದು ಬೆಕ್ಕಿಗೆ ಹೊಂಚು ಹಾಕುವ ಜಾಗ. ಎತ್ತರದಲ್ಲಿ, ಸುತ್ತ ಎರಡು ಮೂರು ಮೀಟರ್ ಬಯಲು ಇರುವಲ್ಲಿ ತೂಗುಹಾಕಿ. ಪಿಕಳಾರ ಗೂಡು ಕಟ್ಟುವುದು ಕೈಗೆಟಕುವ ಎತ್ತರದಲ್ಲೇ: ಮಲ್ಲಿಗೆ ಬಳ್ಳಿ, ವರಾಂಡದ ಮನಿಪ್ಲಾಂಟ್. ಮೊಟ್ಟೆಯಿಟ್ಟು ಮರಿ ಹಾರುವವರೆಗೆ ಹೆಚ್ಚುಕಡಿಮೆ ನಾಲ್ಕು ವಾರ. ಅಷ್ಟು ದಿನ ಬೆಕ್ಕಿಗೆ ಆ ಕಡೆಯ ಬಾಗಿಲು ಬಂದ್. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ನಾವು ಕ್ಯಾಮೆರಾ ಹಿಡಿದು ಓಡುತ್ತೇವೆ. ಬೆಕ್ಕಿನ ಬಾಯಿಗೆ ಬೀಳುವುದು ಆ ದೊಡ್ಡ ಹಕ್ಕಿಯಲ್ಲ, ಯಾರೂ ಫೋಟೋ ತೆಗೆಯದ ಹಿತ್ತಲ ಸೂರಕ್ಕಿ, ಟುವ್ವಿ, ಗುಬ್ಬಿ. ನಮಗೆ ಕಾಣುವುದೂ ಪೂರ್ತಿ ಲೆಕ್ಕವಲ್ಲ. ಅಮೆರಿಕದ ಜಾರ್ಜಿಯಾದಲ್ಲಿ ಬೆಕ್ಕುಗಳ ಕೊರಳಿಗೆ ಪುಟ್ಟ ಕ್ಯಾಮೆರಾ ಕಟ್ಟಿ ನೋಡಿದಾಗ, ಹಿಡಿದ ಬೇಟೆಯಲ್ಲಿ ಮನೆಗೆ ತಂದದ್ದು ಕಾಲುಭಾಗಕ್ಕಿಂತ ಕಡಿಮೆ.

ಬೆಕ್ಕು ಪಕ್ಕದ ಮನೆಯದಾದರೆ

ನಿಮ್ಮ ವರಾಂಡದ ಗೂಡಿಗೆ ಅವರ ಬೆಕ್ಕು ಬಾಯಿ ಹಾಕಿದ ದಿನವೇ ಜಗಳಕ್ಕೆ ಹೋಗಬೇಡಿ, ಸಿಟ್ಟು ಆರಲಿ. ಮರುದಿನ ಹೋಗಿ, ಬೆಕ್ಕಿನ ಬಗ್ಗೆ ದೂರುವ ಬದಲು ಗೂಡಿನ ಸುದ್ದಿ ಹೇಳಿ: "ಅಕ್ಕಾರ, ನಮ್ಮ ಮಲ್ಲಿಗಿ ಬಳ್ಳ್ಯಾಗ ಪಿಕಳಾರ ಮರಿ ಮಾಡೇತ್ರಿ. ಇನ್ನೊಂದ ಎರಡ ವಾರ ಮುಂಜಾನಿ ನಿಮ್ಮ ಬೆಕ್ಕನ್ನ ಸ್ವಲ್ಪ ಒಳಗ ಇಟ್ಕೊಂತೀರೇನ್ರಿ?" ಎರಡು ವಾರ ಎಂದು ಗಡುವು ಹೇಳಿದರೆ ಒಪ್ಪುವುದು ಸುಲಭ. ಕೊನೆಯಿಲ್ಲದ ಬೇಡಿಕೆಗೆ ಯಾರೂ ತಲೆಯಾಡಿಸುವುದಿಲ್ಲ.

ಬೆಕ್ಕನ್ನು ಕೊಂದರೆ ಕಾಶಿಗೆ ಹೋಗಿ ಬಂಗಾರದ ಬೆಕ್ಕು ದಾನ ಕೊಡಬೇಕೆಂಬ ನಂಬಿಕೆಗೆ ಹೆದರುವವರು, ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರಲು ಮಾತ್ರ ಹಿಂಜರಿಯುವುದಿಲ್ಲ. ಸಾಕಿದ ಪ್ರಾಣಿಯನ್ನು ಹಾಗೆ ಬೀದಿಪಾಲು ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಹಕ್ಕಿಗಳಿಗೂ ಅದರಿಂದ ಲಾಭವಿಲ್ಲ, ಊಟ ಹಾಕುವವರಿಲ್ಲದ ಬೆಕ್ಕು ಹೊಟ್ಟೆಪಾಡಿಗೇ ಬೇಟೆಯಾಡುತ್ತದೆ.

ಸಂಕಟ ಇಳಿಯದಿದ್ದರೆ

ಒಂದು ಹಕ್ಕಿಗಾಗಿ ಇಷ್ಟು ಅಳುವುದೇ ಎಂದು ಮನೆಯವರು ಕೇಳಬಹುದು. ಕೆಲವೊಮ್ಮೆ ಆ ಅಳು ಹಕ್ಕಿಯದಷ್ಟೇ ಆಗಿರುವುದಿಲ್ಲ. ಹಿಂದೆಂದೋ ಅಳದೆ ಉಳಿದ ಸಾವು ಅದರ ಜೊತೆ ಮೇಲೆ ಬರುತ್ತದೆ. ಒಂದೆರಡು ದಿನದ ಬೇಸರ ಸಹಜ. ಎರಡು ವಾರ ಕಳೆದರೂ ನಿದ್ದೆ, ಊಟ, ಕೆಲಸ ಹಳಿಗೆ ಬಾರದಿದ್ದರೆ ಧಾರವಾಡದಲ್ಲೇ ಇರುವ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ಬರಬಹುದು. ಹೋಗಲು ಸಂಕೋಚವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ. "ಬೆಕ್ಕು ಹಕ್ಕಿ ಹಿಡೀತು, ಅದಕ್ಕ ಫೋನ್ ಮಾಡೇನ್ರಿ" ಎಂದೇ ಮಾತು ಶುರು ಮಾಡಿದರೂ ನಡೆಯುತ್ತದೆ.